ಮನೆಯಲ್ಲಿ ಓದಿ ಬನ್ನಿ ಎನ್ನಬೇಡಿ

ಪತ್ರ: ನಮ್ಮ ಪದವಿ ಕಾಲೇಜಿನಲ್ಲಿ ಸಮಾಜ ಬದಲಾಗಲೆಂಬ ಆಸೆಯಿಂದ ಓದುಗರ ಬಳಗ ಕಟ್ಟುತ್ತಿದ್ದೇವೆ. ಹೆಸರು, ಲಾಂಛನ ಸಿದ್ಧ, ಉದ್ಘಾಟಕರನ್ನು ಹುಡುಕುತ್ತಿದ್ದೇವೆ. ತಿಂಗಳಿಗೊಂದು ಪುಸ್ತಕ ಎಲ್ಲರೂ ಮನೆಯಲ್ಲಿ ಓದಿ ಬಂದು ಚರ್ಚಿಸುವುದು. ಸಲಹೆ ಕೊಡಿ. (ವಿದ್ಯಾರ್ಥಿನಿ, ಶಹಾಪುರ)

ಸಂಪಾದಕರು: ಲಾಂಛನದ ತನಕ ಬಂದಿದ್ದೀರಿ, ಶಹಭಾಸ್. ಉದ್ಘಾಟಕರನ್ನು ಮಾತ್ರ ಕೈಬಿಡಿ. ಹಾರ, ಶಾಲು, ಮೈಕಿನ ದುಡ್ಡಲ್ಲಿ ತಿಂಗಳುಗಟ್ಟಲೆ ಜೆರಾಕ್ಸ್ ಆಗುತ್ತದೆ.

ಮನೆಯಲ್ಲಿ ಒಬ್ಬರೇ ಓದುವ ಸುಖವೇ ಬೇರೆ, ಒಪ್ಪೋಣ. ಆದರೆ ಹಳ್ಳಿಯಿಂದ ಬಸ್ಸಿಗೆ ಬಂದು, ಸಂಜೆ ಹೋಗಿ ರೊಟ್ಟಿ ಬಡಿಯುವ, ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೇ ಇಳಿಯುವ ಹುಡುಗಿ ಇನ್ನೂರು ಪುಟ ಯಾವಾಗ ಓದಬೇಕು? ಮೊದಲ ತಿಂಗಳು ಓದದೆ ಬಂದು ಸುಮ್ಮನೆ ಕೂರುತ್ತಾಳೆ, ಎರಡನೇ ತಿಂಗಳು ಬರುವುದಿಲ್ಲ. ಉಳಿಯುವವರು ಮೊದಲೇ ಓದುವ ಚಟವಿದ್ದ ನಾಲ್ವರು. ಸಮಾಜ ಇದ್ದಲ್ಲೇ ಇತ್ತಲ್ಲ!

ಶ್ರಾವಣದಲ್ಲಿ ನಮ್ಮ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಬಿಡಿಸಿ ಹೇಳುತ್ತಾರೆ. ಅಕ್ಷರ ಬಾರದ ಮುದುಕಿಯೂ ತಪ್ಪಿಸುವುದಿಲ್ಲ. 1902ರಲ್ಲಿ ಸ್ವೀಡನ್ನಿನ ಆಸ್ಕರ್ ಓಲ್ಸನ್ ದುಡಿಯುವ ಜನರಿಗಾಗಿ ಶುರು ಮಾಡಿದ ಓದಿನ ಗುಂಪುಗಳೂ ಮೇಷ್ಟ್ರನ್ನು ಕಾಯಲಿಲ್ಲ.

ನೀವೂ ಬಳಗ ಸೇರಿದಲ್ಲೇ ಕೂತು ಗಟ್ಟಿಯಾಗಿ ಓದಿ. ವಾರಕ್ಕೊಮ್ಮೆ 75 ನಿಮಿಷ, ಅದೂ ಊರಿನ ಬಸ್ಸು ಹೊರಡುವ ಮುಂಚೆ. ಎಂಟರಿಂದ ಹನ್ನೆರಡು ಜನ. ಹೆಚ್ಚಾದರೆ ಎರಡು ಗುಂಪು. ಹತ್ತು ಪುಟ ಮೀರದ ಕತೆ ಅಥವಾ ಲೇಖನ, ಇಬ್ಬರಿಗೊಂದು ಪ್ರತಿ. ಪುಟಕ್ಕೆ ಮೂರು ನಿಮಿಷ ಹಿಡಿದರೆ ಅರ್ಧ ಗಂಟೆ. ಪ್ಯಾರಾಕ್ಕೊಬ್ಬರು ಓದಲಿ, ಅಳುಕುವವರು ‘ಮುಂದೆ’ ಎಂದು ದಾಟಿಸಲಿ. ಆಮೇಲೆ ತಲಾ ಎರಡು ನಿಮಿಷ ಮಾತು. ಎಲ್ಲರದೂ ಮುಗಿಯುವ ತನಕ ಯಾರಿಗೂ ಎರಡನೇ ಸರದಿಯಿಲ್ಲ. ಇದೊಂದು ಸಡಿಲಾಯಿತೋ, ಇಬ್ಬರು ಭಾಷಣಕಾರರು ಬಳಗವನ್ನೇ ನುಂಗುತ್ತಾರೆ. ಮಾತು ದಖ್ಖನಿಯಲ್ಲೋ ಲಂಬಾಣಿಯಲ್ಲೋ ಬಂದರೆ ಬರಲಿ, ಪಕ್ಕದವರು ತಿಳಿಸಿ ಹೇಳುತ್ತಾರೆ.

ಬದಲಾವಣೆ ಅಂದಿರಿ. ನಾಲ್ಕೈದು ವಾರಕ್ಕೊಮ್ಮೆ ಊರಲ್ಲಿ ಒಂದು ಸಂಗತಿ ವಿಚಾರಿಸಿ ಬನ್ನಿ: ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಊರ ಗ್ರಂಥಾಲಯದ, ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ, ಕಳೆದ ವರ್ಷ ಎಷ್ಟು ಹೊಸ ಪುಸ್ತಕ ಬಂದವು? ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದೇ ವಿಷಯ, 150 ಪದದೊಳಗೆ. ನಾಲ್ಕು ದೂರು ತುರುಕಿದರೆ ಆ ನೆಪದಲ್ಲೇ ವಾಪಸ್ಸಾದೀತು.

ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುವವರು ನಾವು. ಆದರೂ ಗ್ರಂಥಾಲಯವೆಂದರೆ ಪರೀಕ್ಷೆಯ ಗೈಡು ಹಿಡಿದು ಕೂರುವ ಜಾಗವಾಗಿದೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯಿಂದ ನೌಕರಿ ಸಿಗಲಿ, ಸಂತೋಷವೇ. ಆದರೆ ಕತೆ ಪುಸ್ತಕ ಹಿಡಿದವನನ್ನು ‘ಟೈಂಪಾಸಾ?’ ಎಂದು ಕೇಳುವ ಊರಿನಲ್ಲಿ ಆ ನೌಕರ ನಾಳೆ ಯಾರ ಅರ್ಜಿಯನ್ನು ಮನಸ್ಸಿಟ್ಟು ಓದಿಯಾನು?

ಒಂದು ವಹಿ ಇಡಿ. ಯಾರು ಚೆನ್ನಾಗಿ ಮಾತಾಡಿದರು ಎಂಬುದು ಬೇಡ. ಯಾರು ಬರುವುದು ಬಿಟ್ಟರು, ಅವರ ಬಸ್ಸು ಎಷ್ಟು ಗಂಟೆಗಿತ್ತು ಎಂದು ಬರೆಯಿರಿ. ಹತ್ತು ವಾರವಾದ ಮೇಲೆ ಅದರ ಪ್ರತಿ ಕಳಿಸಿ. ಗುಂಪಿನ ಫೋಟೋ ಬೇಡ.