ಕಾದಂಬರಿಯ ನಾಯಕನಿಗೆ ಸುರಿದ ಕಣ್ಣೀರು

ಈ ಪ್ರಕರಣವನ್ನು ಬರೆಯಲು ಆ ಯುವತಿಯ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಸುಮಾ ಎಂದು ಕರೆಯೋಣ. ವಯಸ್ಸು 23, ಇಂಗ್ಲಿಷ್ ಎಂ.ಎ. ಮುಗಿಸಿ ಮನೆಯಲ್ಲಿದ್ದಳು. ತಂದೆಗೆ ಸೈಕಲ್ ರಿಪೇರಿಯ ಸಣ್ಣ ಅಂಗಡಿ, ಜೊತೆಗೆ ಬಹಳ ವರ್ಷಗಳ ಕುಡಿತ. ಮಗಳು ಮನೆಯವರೊಂದಿಗೆ ಮಾತು ಬಿಟ್ಟಿದ್ದಾಳೆ, ಒಂದೇ ಪುಸ್ತಕವನ್ನು ನಾಲ್ಕನೆಯ ಸಲ ಓದುತ್ತಿದ್ದಾಳೆ, ಹೇಗಾದರೂ ಅದನ್ನು ಬಿಡಿಸಿಕೊಡಿ ಎಂದು ತಾಯಿ ಅವಳನ್ನು ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದಿದ್ದರು.

ಆ ಪುಸ್ತಕ ಅಮೆರಿಕದ ಲೇಖಕ ಸ್ಕಾಟ್ ಫಿಟ್ಸ್‌ಜೆರಾಲ್ಡ್ 1934ರಲ್ಲಿ ಪ್ರಕಟಿಸಿದ ಕಾದಂಬರಿ ‘ಟೆಂಡರ್ ಈಸ್ ದ ನೈಟ್’. ಫ್ರಾನ್ಸಿನ ದಕ್ಷಿಣ ಕಡಲತೀರದಲ್ಲಿ ಸಿರಿವಂತ ಅಮೆರಿಕನ್ನರ ಗುಂಪೊಂದು ಬಿಸಿಲು ಕಾಯುತ್ತಿರುತ್ತದೆ. ನಡುವೆ ಎಲ್ಲರ ಮನಸ್ಸು ಗೆಲ್ಲುವ ಡಿಕ್ ಡೈವರ್ ಮತ್ತು ಅವನ ಚೆಲುವೆ ಹೆಂಡತಿ ನಿಕೋಲ್. ಡಿಕ್ ಮನೋವೈದ್ಯ, ತನ್ನ ರೋಗಿಯನ್ನೇ ಮದುವೆಯಾದವನು. ನಮ್ಮ ವೃತ್ತಿಯಲ್ಲಿರುವ ಯಾರೂ ಆ ಪುಟಗಳನ್ನು ನೆಮ್ಮದಿಯಿಂದ ಓದಲಾರರು. ಆದರೂ ಅದು ಎಷ್ಟು ಚೆಂದದ ಕೃತಿ ಎಂಬುದು ನನಗೆ ಗೊತ್ತಿದ್ದುದರಿಂದ, ಪುಸ್ತಕ ಬಿಡು ಎಂದು ನಾನು ಹೇಳಲಿಲ್ಲ. ಮೊದಲ ಎರಡು ಭೇಟಿಗಳಲ್ಲಿ ಅವಳು ಕಾದಂಬರಿಯ ಬಗ್ಗೆಯೇ ಮಾತನಾಡಿದಳು, ನಾನು ಕೇಳಿಸಿಕೊಂಡೆ.

ಮೂರನೆಯ ಭೇಟಿಯಲ್ಲಿ ಅವಳು ರೋಮ್ ನಗರದ ಪ್ರಸಂಗಕ್ಕೆ ಬಂದಳು. ಕುಡಿದ ಡಿಕ್ ಟ್ಯಾಕ್ಸಿಯವರೊಡನೆ ಜಗಳಕ್ಕೆ ಬೀಳುತ್ತಾನೆ, ಪೊಲೀಸರ ಮೇಲೆ ಕೈ ಮಾಡಿ ಠಾಣೆಯಲ್ಲಿ ಮೂಳೆ ಮುರಿಯುವಂತೆ ಹೊಡೆಸಿಕೊಳ್ಳುತ್ತಾನೆ. ಹೇಳುತ್ತ ಹೇಳುತ್ತ ಸುಮಾಳ ಕಣ್ಣು ತುಂಬಿತು. ಅವನನ್ನು ಬಿಡಿಸಿದವರು ಯಾರು ಎಂದು ಕೇಳಿದೆ. “ಹೆಂಡತಿಯ ಅಕ್ಕ. ರಾಯಭಾರ ಕಚೇರಿಯವರೆಗೂ ಹೋಗ್ತಾಳೆ,” ಎಂದಳು. ನಿಮ್ಮ ತಂದೆಯನ್ನು ಕೊನೆಯ ಸಲ ಮನೆಗೆ ತಂದುಬಿಟ್ಟವರು ಯಾರು ಎಂದು ಕೇಳಿದೆ. ಅವಳು ತುಸು ಹೊತ್ತು ತಲೆ ತಗ್ಗಿಸಿ ಕುಳಿತಳು. “ಟೀ ಅಂಗಡಿ ಹುಡುಗ. ಒಂದು ಕೈಯಲ್ಲಿ ಅಪ್ಪನ ರಟ್ಟೆ ಹಿಡ್ಕೊಂಡಿದ್ದ, ಇನ್ನೊಂದು ಕೈಯಲ್ಲಿ ಅಪ್ಪನ ಚಪ್ಪಲಿ. ನಾನು ಕಿಟಕಿಯಿಂದ ನೋಡಿ ಬಾಗಿಲು ಹಾಕ್ಕೊಂಡೆ.” ಆಮೇಲೆ, ತನಗೆ ತಾನೇ ಹೇಳಿಕೊಳ್ಳುವವಳಂತೆ, “ಡಿಕ್ ಕುಡಿದರೆ ದುರಂತ ಅಂತ ಅಳ್ತೀನಿ ಮೇಡಂ, ನಮ್ಮಪ್ಪ ಕುಡಿದರೆ ಮಾನ ಹೋಯ್ತು ಅಂತೀನಿ,” ಎಂದಳು.

ಹೀಗೆ ದೂರದ ದುಃಖಕ್ಕೆ ಕರಗಿ ಮನೆಯ ದುಃಖಕ್ಕೆ ಕಲ್ಲಾಗುವವರನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅವರದು ಕಠಿಣ ಮನಸ್ಸಲ್ಲ. ನಿಕೋಲ್ ಹಣವಂತರ ಮನೆಯ ಮಗಳಾದ್ದರಿಂದ ಅವಳ ಕಾಯಿಲೆಗೆ ಸ್ವಿಟ್ಜರ್ಲೆಂಡಿನ ಚಿಕಿತ್ಸಾಲಯ ಸಿಗುತ್ತದೆ, ಡಿಕ್ ಪಾಲುದಾರನಾಗುವ ಆಸ್ಪತ್ರೆಗೂ ಅವಳ ಮನೆತನದ ದುಡ್ಡೇ ಬರುತ್ತದೆ. ಸೈಕಲ್ ಅಂಗಡಿಯವನಿಗೆ ಸಿಗುವುದು ಓಣಿಯವರ ನಗು. ಸಂಕಟಕ್ಕೆ ಆ ಘನತೆಯನ್ನು ತಂದುಕೊಟ್ಟದ್ದು ಹಣ ಎಂದು ನಾನು ಅವಳಿಗೆ ನೇರವಾಗಿಯೇ ಹೇಳಿದೆ. ಲೇಖಕರ ಮನೆಯ ಸಂಗತಿಯನ್ನೂ ಹೇಳಿದೆ: ಫಿಟ್ಸ್‌ಜೆರಾಲ್ಡ್ ಸ್ವತಃ ಕುಡಿತದಿಂದ ನರಳಿದವರು, 1932ರಲ್ಲಿ ಅವರ ಪತ್ನಿ ಜೆಲ್ಡಾ ಬಾಲ್ಟಿಮೋರ್‌ನ ಮನೋರೋಗ ಚಿಕಿತ್ಸಾಲಯದಲ್ಲಿದ್ದರು, ಮತ್ತು ಫಿಟ್ಸ್‌ಜೆರಾಲ್ಡ್ 1940ರಲ್ಲಿ 44ನೆಯ ವಯಸ್ಸಿಗೇ ತೀರಿಕೊಂಡರು.

ನನ್ನ ಸಲಹೆ ಆ ಕಾದಂಬರಿಯಿಂದಲೇ ಹುಟ್ಟಿತು. 1934ರ ಪಠ್ಯದಲ್ಲಿ ಮೊದಲು ಕಡಲತೀರ ಬರುತ್ತದೆ, ನಿಕೋಲ್‌ಳ ಕಾಯಿಲೆ ಮೊದಲ ಭಾಗದ ಕೊನೆಯವರೆಗೂ ಮರೆಯಲ್ಲಿರುತ್ತದೆ. ಲೇಖಕರು ತೀರಿಕೊಂಡ ಮೇಲೆ, 1951ರಲ್ಲಿ, ವಿಮರ್ಶಕ ಮಾಲ್ಕಮ್ ಕೌಲಿ ಅದನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಆವೃತ್ತಿ ಬಂತು. ಅದು ಜ್ಯೂರಿಚ್‌ನಲ್ಲಿ, ಯುವವೈದ್ಯ ಡಿಕ್‌ನಿಂದ ಆರಂಭವಾಗುತ್ತದೆ. ಸುಮಾಳ ಮನಸ್ಸಿನಲ್ಲಿ ತಂದೆಯ ಕಥೆ ಆರಂಭವಾಗುತ್ತಿದ್ದುದೇ ಅವರು ಕುಡಿದು ಬೀಳುವ ಚರಂಡಿಯ ಪಕ್ಕದಿಂದ. ಅದನ್ನು ಬೇರೆ ಕಡೆಯಿಂದ ಆರಂಭಿಸಿ ಒಂದು ಪುಟ ಬರೆದು ತರಲು ಹೇಳಿದೆ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, ಕುಡುಕ ತಂದೆಯ ಹೊರೆಯನ್ನು ಮಗಳ ತಲೆಗೆ ಕಟ್ಟಿದಿರಿ ಎಂದು ಆಕ್ಷೇಪಿಸಿದರು. ನಾನು ಕ್ಷಮಿಸು ಎನ್ನಲಿಲ್ಲ, ಸೇವೆ ಮಾಡು ಎನ್ನಲಿಲ್ಲ. ತಂದೆಯ ಕುಡಿತಕ್ಕೆ ನೀವು ಕಾರಣರಲ್ಲ, ಬಿಡಿಸುವ ಹೊಣೆಯೂ ನಿಮ್ಮದಲ್ಲ, ಕೈ ಮಾಡಿದರೆ ತಾಯಿಯೊಂದಿಗೆ ಮನೆಯಿಂದ ಹೊರಬರಬೇಕು ಎಂದು ಸ್ಪಷ್ಟವಾಗಿ ಹೇಳಿದ್ದೆ. ಆದರೆ ನಾಚಿಕೆ ಬಾಗಿಲು ಹಾಕಿದ ಮನೆಯೊಳಗೆ ಚಿಕಿತ್ಸೆಯ ಮಾತು ಪ್ರವೇಶಿಸುವುದಿಲ್ಲ ಎಂಬುದು ನನ್ನ ಅನುಭವ.

ಅವಳು ತಂದ ಪುಟ ಹೀಗೆ ಆರಂಭವಾಗಿತ್ತು: “ಬೆಳಿಗ್ಗೆ ಆರು ಗಂಟೆಗೆ ಅಪ್ಪ ಅಂಗಡಿಯ ಮುಂದೆ ಕಸ ಗುಡಿಸಿ ನೀರು ಚಿಮುಕಿಸುತ್ತಾರೆ. ಆಗ ಅವರ ಕೈ ನಡುಗುತ್ತಿರುತ್ತದೆ, ಚೊಂಬನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.” ಆ ನಡುಕವನ್ನು ಓದಿದ ಕೂಡಲೇ ತಾಯಿಯನ್ನೂ ಒಳಗೆ ಕರೆದೆ. ದೇವರ ಮೇಲೆ ಆಣೆ ಹಾಕಿಸಿ ಕುಡಿತವನ್ನು ಒಮ್ಮೆಲೇ ನಿಲ್ಲಿಸಲು ಅವರು ಯೋಚಿಸಿದ್ದರು. ಇಷ್ಟು ಅವಲಂಬನೆ ಇರುವವರಲ್ಲಿ ಹಾಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ವೈದ್ಯರ ನಿಗಾದಲ್ಲಿಯೇ ಬಿಡಿಸಬೇಕೆಂದು ವಿವರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ವ್ಯಸನ ಚಿಕಿತ್ಸಾ ವಿಭಾಗವನ್ನೂ, ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಅನ್ನೂ ಬರೆದುಕೊಟ್ಟೆ.

ತಂದೆ ಇನ್ನೂ ಆಸ್ಪತ್ರೆಗೆ ಬರಲು ಒಪ್ಪಿಲ್ಲ. ತಾಯಿ, ಮಗಳು ಇಬ್ಬರೇ ಒಮ್ಮೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡು ಬಂದಿದ್ದಾರೆ. ಅವರಿಗೆ ಓದಿ ಹೇಳಲೆಂದು ಸುಮಾ ಆ ಪುಟವನ್ನು ಜೊತೆಗೆ ಒಯ್ದಿದ್ದಳು.