ಕಣ್ಣು ಭಾರವಾದರೆ ಸಾಕು, ಎದೆ ಹೊಡ್ಕೋತಿತ್ತು

ಜಮಖಂಡಿ ಕಡೆಯ ರೈತರು, ನಲವತ್ತರ ಆಸುಪಾಸು. ಹೆಂಡತಿ ಜೊತೆ ಬಾಗಲಕೋಟೆಗೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ನಾಲ್ಕು ತಿಂಗಳ ಹಿಂದೆ ತೋಟದ ಮನೆಯಲ್ಲಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು (ಕ್ರೇಟ್ ಅನ್ನುವ ವಿಷದ ಹಾವು) ಕಚ್ಚಿತ್ತು. ಇದು ಕಚ್ಚಿದರೆ ನೋವು, ಬಾವು ಜಾಸ್ತಿ ಇರಲ್ಲ. ಹಾಗಾಗಿ ತಡವಾಗಿ ಗೊತ್ತಾಯಿತು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಇಳಿಯಿತು, ಉಸಿರು ಕಟ್ಟಿತು. ಎರಡು ದಿನ ವೆಂಟಿಲೇಟರ್ ಮೇಲಿದ್ದರು.

ಅವರನ್ನು ಕಾಡುತ್ತಿದ್ದುದು ಹಾವಲ್ಲ. "ಎಲ್ಲಾ ಕೇಳಿಸ್ತಿತ್ರಿ. ಇಕಿ ಅಳೋದು, ನರ್ಸ್ ಮಾತಾಡೋದು. ಕಣ್ಣು ತೆಗೀಬೇಕಂದ್ರ ಆಗವಲ್ದು. ಸತ್ತಾನಂತ ತಿಳ್ದು ಮಣ್ಣ ಮಾಡಿದ್ರ ಏನ್ ಗತಿ ಅನಸ್ತಿತ್ರಿ."

ಈ ವಿಷ ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ತಡೆಯುತ್ತದೆ, ಕಿವಿ, ಬುದ್ಧಿ ಎಚ್ಚರವಾಗಿಯೇ ಇರಬಹುದು ಅಂತ ಹೇಳಿದೆ. ಅದನ್ನು ಅವರಿಗೆ ಯಾರೂ ಹೇಳಿರಲೇ ಇಲ್ಲ. "ಅಂದ್ರ ನನಗ ಹುಚ್ಚು ಹಿಡದಿರ್ಲಿಲ್ಲ?" ಅಂದರು.

ನನ್ನ ಹತ್ತಿರ ಬಂದಾಗ ಇದ್ದ ತೊಂದರೆ ಇಷ್ಟು. ರಾತ್ರಿ ನಿದ್ದೆ ಬಂದು ಕಣ್ಣು ಭಾರವಾದ ಕೂಡಲೇ ವಿಷ ಮತ್ತೆ ಏರಿತು ಅನ್ನಿಸುತ್ತದೆ. ಎದ್ದು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ರೆಪ್ಪೆ ನೋಡಿಕೊಳ್ಳುತ್ತಾರೆ, ಒಂದೊಂದು ರಾತ್ರಿ ಇಪ್ಪತ್ತು ಸಲ. ಹೆಂಡತಿ ಗಂಟೆಗೊಮ್ಮೆ ಅಲುಗಾಡಿಸಿ ಎಬ್ಬಿಸುತ್ತಾರೆ, ಪಾಪ, ಪ್ರೀತಿಯಿಂದಲೇ. ನಿದ್ದೆಗೆಟ್ಟರೆ ಮರುದಿನ ರೆಪ್ಪೆ ಇನ್ನೂ ಭಾರ ಆಗುತ್ತೆ, ಅಲ್ವಾ? ಭಯಕ್ಕೆ ಅಷ್ಟು ಸಾಕು.

ವೈದ್ಯರು ಮತ್ತೆ ಪರೀಕ್ಷಿಸಿ ಎಲ್ಲ ಸರಿ ಇದೆ ಅಂದ ಮೇಲೆಯೇ ನಾನು ಶುರು ಮಾಡಿದೆ. ಮೊಬೈಲ್ ಅಡುಗೆಮನೆ ಕಪಾಟಿಗೆ ಹೋಯಿತು. ಭಯ ಬಂದಾಗ ರೆಪ್ಪೆ ನೋಡದೆ ಐದು ನಿಮಿಷ ಕಾಯುವುದು, ಆಮೇಲೆ ಹತ್ತು. ಉಸಿರು ಬಿಡುವಾಗ ನಿಧಾನಕ್ಕೆ ಬಿಡುವುದು. ಭಯ ಏರಿದ ಹಾಗೆ ತಾನೇ ಇಳಿಯುತ್ತೆ. ನೋಡಿ ನೋಡಿ ಇಳಿಸಿದರೆ ಮುಂದಿನ ಸಲವೂ ನೋಡಲೇಬೇಕಾಗುತ್ತೆ.

"ಆ ಹತ್ತು ನಿಮಿಷದಾಗ ಸತ್ರ?" ಅಂತ ನೇರವಾಗಿ ಕೇಳಿದರು. ಹಳೇ ವಿಷ ತಿರುಗಿ ಬರಲ್ಲ. ಹೊಸದಾಗಿ ಕಚ್ಚಿದ ಅನುಮಾನ ಬಂದರೆ ಮಾತ್ರ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಬೇಕು. ಮಂಚ, ಹಾಸಿಗೆ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ, ಕೈಗೆ ಸಿಗುವ ಬ್ಯಾಟರಿ, ಇವು ಎಚ್ಚರಿಕೆ. ಮಲಗುವ ಮುಂಚೆ ಒಂದೇ ಸಲ ನೋಡಿದರೆ ಮುಗಿಯಿತು.

ಊರಲ್ಲಿ ತಾಯತ ಕಟ್ಟಿದ್ದರು. ಬಿಚ್ಚಿ ಅಂತ ನಾನು ಹೇಳಲಿಲ್ಲ. ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಬದಲಿಗೆ ಅಲ್ಲದಿದ್ದರೆ ನನ್ನದೇನೂ ತಕರಾರಿಲ್ಲ.

ಎಬ್ಬಿಸುವುದನ್ನು ಬಿಡಲು ಹೆಂಡತಿಗೇ ಹೆಚ್ಚು ಕಷ್ಟವಾಯಿತು. ನಡುರಾತ್ರಿ ಇಬ್ಬರಿಗೂ ತಡೆಯದಾದರೆ ಅಂತ ಮಾನಸಿಕ ನೆರವಿನ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕೆಟ್ಟ ಕನಸು ನಿಲ್ಲದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ ಅಂತಲೂ ಹೇಳಿದ್ದೇನೆ.

ಎರಡು ತಿಂಗಳಾಯಿತು. ಕ್ಯಾಮೆರಾ ರಾತ್ರಿಗೆ ಒಂದೆರಡು ಸಲಕ್ಕೆ ಇಳಿದಿದೆ. ತೋಟಕ್ಕೆ ಹಗಲು ಹೋಗಿ ಬರುತ್ತಾರೆ. ರಾತ್ರಿ ಕಬ್ಬಿಗೆ ನೀರು ಬಿಡುವ ಪಾಳಿ ಸದ್ಯಕ್ಕೆ ತಮ್ಮನದು.