ಹೊಸ 617 ಕೊಳ್ಳಲೋ, ಹಳೇ ಕೆ-22 ಕೊಳ್ಳಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಟೆಕ್ಸಾಸ್‌ನಲ್ಲಿದ್ದೀರಿ, ಗ್ರೀನ್ ಕಾರ್ಡ್ ಬಂದಿದೆ, ಶನಿವಾರ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆಯೋದಕ್ಕೆ ಒಂದು .22 (ಗುಂಡಿನ ಅಡ್ಡಳತೆ ಸುಮಾರು 0.22 ಇಂಚು) ರಿವಾಲ್ವರ್ ಬೇಕು. ಪಕ್ಕದ ಅಂಗಡಿಯಲ್ಲಿ ಸ್ಮಿತ್ ಅಂಡ್ ವೆಸನ್ನಿನ ಹೊಸ ಮಾಡೆಲ್ 617 ಇದೆ. ಆನ್‌ಲೈನ್ ಹರಾಜಿನಲ್ಲಿ ಅದೇ ಕಂಪನಿಯ 1950ರ ದಶಕದ ಕೆ-22 ಮಾಸ್ಟರ್‌ಪೀಸ್ ಕಣ್ಣಿಗೆ ಬಿದ್ದಿದೆ. ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದನ್ನು ತರೋದು?

ಕೈಯಲ್ಲಿ ಹಿಡಿದು ಹತ್ತು ನಿಮಿಷ ಪರೀಕ್ಷೆ ಮಾಡೋಕೆ ಸಿಗೋದಾದರೆ ಹಳೆಯದು. ಬರೀ ಫೋಟೋ ನೋಡಿ ದುಡ್ಡು ಕಳಿಸೋದಾದರೆ ಹೊಸದು. ನನ್ನ ಹತ್ತಿರ ಎರಡೂ ಇವೆ, ಎರಡರಲ್ಲೂ ಸಾವಿರಾರು ತೋಟೆ ಸುಟ್ಟಿದ್ದೇನೆ. ಒಂದು ಸಲ ಮೋಸವೂ ಹೋಗಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಮೂಡಿಗೆರೆ ಕಡೆಯವನು. ಮನೆಯಲ್ಲಿ ಅಪ್ಪನ ಹೆಸರಿಗೆ ಲೈಸೆನ್ಸ್ ಇದ್ದ ಜೋಡುನಳಿಗೆ ಕೋವಿ ಇತ್ತು. ಗದ್ದೆಗೆ ಬರುವ ಹಂದಿ ಹೆದರಿಸೋದಕ್ಕೆ ಅದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಶೀದಿ ತರೋರು, ಮುಗಿದ ಮೇಲೆ ವಾಪಸ್ ತಂದು ಒಂದು ಸಂಜೆಯೆಲ್ಲ ಎಣ್ಣೆಬಟ್ಟೆ ಹಿಡಿದು ಕೂರೋರು. ಆ ಕೋವಿಯನ್ನು ಅವರು ಕೊಂಡಿದ್ದೇ ಸೆಕೆಂಡ್ ಹ್ಯಾಂಡ್, ಅದೂ ಜಾತ್ರೆಯಲ್ಲಿ ಎತ್ತು ಕೊಂಡ ಹಾಗೆ: ಹಲ್ಲು ನೋಡಿ, ಗೊರಸು ನೋಡಿ, ಎರಡು ಹೆಜ್ಜೆ ನಡೆಸಿ ನೋಡಿ. ಹಳೇ ರಿವಾಲ್ವರ್ ಕೊಳ್ಳೋದೂ ಹಾಗೇ. ಹೊಳಪು ನೋಡಿ ಎತ್ತು ಕೊಳ್ಳೋರು ಯಾರೂ ಇಲ್ಲ, ಆದರೆ ಹೊಳಪು ನೋಡಿ ರಿವಾಲ್ವರ್ ಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ.

ಕೆ-22ಗೆ ಇಷ್ಟು ಹೆಸರು ಯಾಕೆ ಅಂತ ಕೇಳಿದ್ದೀರಿ. ಸ್ಮಿತ್ ಅಂಡ್ ವೆಸನ್ 1857ರಲ್ಲಿ ಮಾಡಿದ ಮೊಟ್ಟಮೊದಲ ರಿವಾಲ್ವರೇ .22 ರಿಮ್‌ಫೈರ್ (ತೋಟೆಯ ಅಂಚಿಗೆ ಪೆಟ್ಟು ಕೊಟ್ಟು ಸಿಡಿಸುವ ಬಗೆ). ಆದರೆ ಗುರಿಕಾರರಿಗೆಂದೇ ಪೂರ್ತಿ ಅಳತೆಯ .22 ಅವರು ತಂದದ್ದು 1930ರ ದಶಕದ ಆರಂಭದಲ್ಲಿ, ಕೆ-22 ಔಟ್‌ಡೋರ್ಸ್‌ಮನ್ ಅಂತ. 1940ರಲ್ಲಿ ಅದನ್ನು ಸುಧಾರಿಸಿ ಮಾಸ್ಟರ್‌ಪೀಸ್ ಮಾಡಿದರು. ಒಂದು ಸಾವಿರ ಚಿಲ್ಲರೆ ಮಾಡುವಷ್ಟರಲ್ಲಿ ಯುದ್ಧದ ಕೆಲಸ ಬಂದು ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಮತ್ತೆ ಶುರುವಾಯಿತು, ಈ ಸಲ .32 ಮತ್ತು .38ರ ಜೋಡಿಯೊಂದಿಗೆ. ನಳಿಗೆಯ ಮೇಲಿನ ಪಟ್ಟಿಯ ಅಗಲ ಹೆಚ್ಚುಕಡಿಮೆ ಮಾಡಿ ಮೂರರ ತೂಕವನ್ನೂ ಒಂದೇ ಸಮಕ್ಕೆ ತಂದಿದ್ದರು. ಅಗ್ಗದ .22ರಲ್ಲಿ ವಾರವೆಲ್ಲ ಅಭ್ಯಾಸ ಮಾಡಿ, ಸ್ಪರ್ಧೆಯ ದಿನ .38 ಎತ್ತಿದರೆ ಕೈಗೆ ವ್ಯತ್ಯಾಸ ಗೊತ್ತಾಗಬಾರದು ಅನ್ನೋ ಲೆಕ್ಕ. 1957ರಲ್ಲಿ ಕಂಪನಿ ಎಲ್ಲದಕ್ಕೂ ನಂಬರು ಕೊಟ್ಟಾಗ ಕೆ-22 ಮಾಸ್ಟರ್‌ಪೀಸ್ ಮಾಡೆಲ್ 17 ಆಯಿತು. ನಿಮ್ಮ 617 ಅದರ ಸ್ಟೇನ್‌ಲೆಸ್ ಮೊಮ್ಮಗ.

ಈ ವಂಶ ಬೆಳೆದದ್ದು ಬುಲ್ಸ್‌ಐ ಸ್ಪರ್ಧೆಗಾಗಿ. ಒಂದೇ ಕೈಯಲ್ಲಿ ಹಿಡಿದು 25 ಮತ್ತು 50 ಗಜಕ್ಕೆ ಹೊಡೆಯುವ ಆಟ. ಅದರಲ್ಲಿ ರ‍್ಯಾಪಿಡ್ ಫೈರ್ ಅಂದರೆ 10 ಸೆಕೆಂಡಿಗೆ 5 ಈಡು. ಪ್ರತಿ ಈಡಿಗೂ ಹೆಬ್ಬೆರಳಿನಲ್ಲಿ ಹ್ಯಾಮರ್ (ಹಿಂದಿರುವ, ಪೆಟ್ಟು ಕೊಡುವ ಸುತ್ತಿಗೆ) ಎಳೆದು ಇದನ್ನು ಮಾಡುತ್ತಿದ್ದ ಕಾಲವೊಂದಿತ್ತು. ಆಮೇಲೆ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳು ಬಂದು ರಿವಾಲ್ವರನ್ನು ಆ ಆಟದಿಂದ ಹೆಚ್ಚುಕಡಿಮೆ ಹೊರಗೆ ಹಾಕಿದವು. ಹಾಗಾಗಿ ಪದಕ ಗೆಲ್ಲೋ ಆಸೆ ಇದ್ದರೆ ನಿಮ್ಮ ಪಟ್ಟಿಯ ಎರಡನ್ನೂ ಬಿಟ್ಟು ಪಿಸ್ತೂಲು ನೋಡಿ. ಕೈ ಪಳಗಬೇಕು, ನಿಧಾನವಾಗಿ ಆರು ಆರು ತುಂಬಿಕೊಂಡು ಒಂದು ಬೆಳಗ್ಗೆ ಕಳೆಯಬೇಕು ಅಂದರೆ ರಿವಾಲ್ವರಿಗೆ ಸಮ ಇನ್ನೊಂದಿಲ್ಲ.

ಹಳೆಯದರಲ್ಲಿ ನಿಜವಾಗಿ ಹೆಚ್ಚಿನದು ಏನು? ಟ್ರಿಗರ್. (ನಮ್ಮ ಕಡೆ ಇದಕ್ಕೆ ಕುದುರೆ ಅಂತಾರೆ. ಆದರೆ ಕೆಲವರು ಹಿಂದಿನ ಹ್ಯಾಮರಿಗೂ ಕುದುರೆ ಅಂತಲೇ ಕರೆಯೋದರಿಂದ ಇಲ್ಲಿ ಟ್ರಿಗರ್ ಅಂತಲೇ ಬರೀತೀನಿ.) ಹ್ಯಾಮರ್ ಹಿಂದಕ್ಕೆಳೆದು ಟ್ರಿಗರಿಗೆ ಬೆರಳು ಒತ್ತಿದರೆ, ಚೆನ್ನಾಗಿ ಒಣಗಿದ ಹಪ್ಪಳ ಮುರಿದ ಹಾಗೆ ಬಿಡುತ್ತದೆ. ಒಳಗಿನ ಭಾಗಗಳನ್ನು ಮನುಷ್ಯರು ಕೂತು ಅರ ಹಿಡಿದು ಒಂದಕ್ಕೊಂದು ಕೂಡಿಸಿದ ಕಾಲದ್ದು. ಆ ಕಪ್ಪುನೀಲಿ ಹೊಳಪಿನ ಬ್ಲೂಯಿಂಗ್ ಇವತ್ತು ಆ ಬೆಲೆಗೆ ಯಾರೂ ಮಾಡಿಕೊಡೋದಿಲ್ಲ. ಹೊಸದರ ಹ್ಯಾಮರ್, ಟ್ರಿಗರ್ ಲೋಹದ ಪುಡಿಯನ್ನು ಅಚ್ಚಿಗೊತ್ತಿ ಸುಟ್ಟು ಮಾಡಿದವು. ಇದನ್ನು ಹಳಬರು ಬಾಯ್ತುಂಬ ಬೈತಾರೆ. ನನ್ನ 617ರಲ್ಲಿ ಅವುಗಳಿಂದ ಒಂದು ತೊಂದರೆಯೂ ಬಂದಿಲ್ಲ. ಪಕ್ಕದಲ್ಲಿರೋ, ಕೀಲಿ ಹಾಕಿ ರಿವಾಲ್ವರನ್ನು ಬಂದ್ ಮಾಡುವ ಬೀಗದ ತೂತು ನೋಡೋಕೆ ಚೆಂದವಿಲ್ಲ, ಅಷ್ಟೇ. ಕಾಗದದ ಮೇಲೆ ಬಿದ್ದ ತೂತುಗಳನ್ನು ನೋಡಿ ಯಾವುದು ಹಳೆಯದರದ್ದು, ಯಾವುದು ಹೊಸದರದ್ದು ಅಂತ ಹೇಳೋದು ನನ್ನಿಂದಂತೂ ಸಾಧ್ಯವಿಲ್ಲ.

ಈಗ ನನ್ನ ಮೋಸದ ಕಥೆ. ಕೆಲವು ವರ್ಷದ ಹಿಂದೆ ಒಂದು ಮಾಡೆಲ್ 17 ಆನ್‌ಲೈನ್‌ನಲ್ಲಿ ಕೊಂಡೆ. ಹದಿನಾರು ಫೋಟೋ, ಕನ್ನಡಿಯ ಹಾಗೆ ಮಿಂಚುತ್ತಿತ್ತು. ಬಂತು. ತಿರುಗುವ ಸಿಲಿಂಡರಿನ ಆರು ಚೇಂಬರಿನಲ್ಲಿ (ತೋಟೆ ಕೂರುವ ತೂತುಗಳಲ್ಲಿ) ನಾಲ್ಕಕ್ಕೆ ತೋಟೆ ತಾನಾಗೇ ಜಾರಿ ಕೂತಿತು, ಎರಡಕ್ಕೆ ಹೆಬ್ಬೆರಳಿನಲ್ಲಿ ಒತ್ತಿದರೂ ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಚೇಂಬರಿನ ಬಾಯಿಯ ಅಂಚಿನಲ್ಲಿ ಸಣ್ಣ ಸಣ್ಣ ತಗ್ಗು. ಹಿಂದಿನ ಮಾಲೀಕ ಟಿವಿ ನೋಡ್ತಾ ಖಾಲಿ ರಿವಾಲ್ವರನ್ನು ಟಿಕ್ ಟಿಕ್ ಅಂತ ಒತ್ತಿರಬೇಕು. ರಿಮ್‌ಫೈರ್ ತೋಟೆಯಲ್ಲಿ ಸಿಡಿಯುವ ಮದ್ದು ಇರೋದು ಹಿಂಬದಿಯ ಅಂಚಿನೊಳಗೆ, ಹಾಗಾಗಿ ತೋಟೆ ಸಿಡಿಸುವ ಮೊಳೆ ಹೊಡೆಯೋದೂ ಅಂಚಿಗೇ. ತೋಟೆ ಇಲ್ಲದಿದ್ದರೆ ಆ ಪೆಟ್ಟು ಸೀದಾ ಸಿಲಿಂಡರಿನ ಉಕ್ಕಿಗೆ ಬೀಳಬಹುದು, ಉಕ್ಕು ಒಳಗಡೆಗೆ ಉಬ್ಬುತ್ತದೆ. ಗನ್‌ಸ್ಮಿತ್ ಒಬ್ಬರು ಆ ಉಬ್ಬನ್ನು ಹಿಂದಕ್ಕೆ ಒತ್ತಿ ಸರಿ ಮಾಡಿದರು. ಅದು ಸರಿಯಾದ ಮೇಲೆ ಎರಡನೇ ರೋಗ ಗೊತ್ತಾಯಿತು: ಒಂದು ಚೇಂಬರ್ ನಳಿಗೆಗೆ ಸರಿಯಾಗಿ ಎದುರಾಗಿ ನಿಲ್ಲುತ್ತಿರಲಿಲ್ಲ. ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ತಾಗಿ ಸೀಸದ ಚೂರು ಪಕ್ಕಕ್ಕೆ ಸಿಡಿಯೋದು. ಪಕ್ಕದ ಲೇನಿನಲ್ಲಿದ್ದವರು ಕೆನ್ನೆ ಒರೆಸಿಕೊಂಡು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ರಿಪೇರಿಗೆ ಹಾಕಿದ್ದನ್ನೂ ಸೇರಿಸಿದರೆ ಹೊಸದಕ್ಕಿಂತ ಜಾಸ್ತಿ ಆಯಿತು.

ಅದಕ್ಕೇ ಈಗ ಹಳೆಯದು ನೋಡೋಕೆ ಹೋದಾಗ ಜೇಬಿನಲ್ಲಿ ಆರು ಹಳದಿ ಪ್ಲಾಸ್ಟಿಕ್ ಡ್ರೈವಾಲ್ ಆ್ಯಂಕರ್ ಇರುತ್ತವೆ. ಗೋಡೆಗೆ ಸ್ಕ್ರೂ ಹಾಕುವಾಗ ಬಳಸ್ತೀವಲ್ಲ, ಅವೇ. .22 ಚೇಂಬರಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತವೆ, ಮೊಳೆಯ ಪೆಟ್ಟನ್ನು ತಾವು ತಿನ್ನುತ್ತವೆ. ಮೊದಲು ಸಿಲಿಂಡರ್ ತೆರೆದು ಖಾಲಿ ಇದೆ ಅಂತ ಕಣ್ಣಿನಲ್ಲೂ ಬೆರಳಿನಲ್ಲೂ ಖಾತ್ರಿ ಮಾಡಿಕೊಂಡು, ಮಾಲೀಕರ ಒಪ್ಪಿಗೆ ಕೇಳಿ, ಆಮೇಲೆ ಇವನ್ನು ಹಾಕುತ್ತೇನೆ. ಚೇಂಬರಿನ ಬಾಯಿಯ ಅಂಚುಗಳನ್ನು ಆಗಲೇ ನೋಡಿಬಿಡಿ.

ಮುಂದೆ ಸಿಲಿಂಡರಿಗೆ ಬೆರಳನ್ನು ಹಗುರವಾಗಿ ತಾಗಿಸಿಕೊಂಡು ಹ್ಯಾಮರನ್ನು ತುಂಬ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವ ಮೊದಲೇ ಸಿಲಿಂಡರ್ ತನ್ನ ಕಚ್ಚಿನಲ್ಲಿ ಟಕ್ ಅಂತ ಕೂರಬೇಕು. ಆರಕ್ಕೆ ಆರೂ. ಐದು ಸರಿಯಿದ್ದು ಒಂದು ತಡವಾದರೂ ನನ್ನ ಕಥೆಯೇ ನಿಮ್ಮದೂ. ಹ್ಯಾಮರ್ ಹಿಂದೆ ನಿಂತಿರುವಾಗ ಹಿಂದಿನಿಂದ ಹೆಬ್ಬೆರಳಿನಲ್ಲಿ ಮುಂದಕ್ಕೆ ತಳ್ಳಿ. ಟ್ರಿಗರ್ ಮುಟ್ಟದೆ ಅದು ಬಿದ್ದರೆ, ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಒಳಗಿನ ಕಚ್ಚನ್ನು ಉಜ್ಜಿ ಹಾಳು ಮಾಡಿದ್ದಾರೆ. ಅಲ್ಲೇ ಇಟ್ಟು ನಮಸ್ಕಾರ ಹೇಳಿ ಬನ್ನಿ. ಸಿಲಿಂಡರ್ ಮುಚ್ಚಿ ಹಿಂದೆ ಮುಂದೆ ಅಲ್ಲಾಡಿಸಿದರೆ ಕಾಣುವ ಹಾಗೆ ಆಡಬಾರದು. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ, ಇಂಚಿನ ಸಾವಿರದಲ್ಲಿ 4ರಿಂದ 8 ಭಾಗ ಇದ್ದರೆ ನನಗೆ ನೆಮ್ಮದಿ. ಸಿಲಿಂಡರ್ ಹೊರಗೆ ತೆಗೆದು ತಿರುಗಿಸಿ, ಸುಟ್ಟ ತೋಟೆಯ ಕರಟ ತಳ್ಳುವ ಕಡ್ಡಿಯ ತುದಿ ನೋಡಿ. ಕುಣಿಯುತ್ತಿದ್ದರೆ ಕಡ್ಡಿ ಬಾಗಿದೆ, ಆದರೆ ಇದು ದೊಡ್ಡ ರೋಗವಲ್ಲ, ಚೌಕಾಸಿಗೆ ಒಳ್ಳೇ ಅಸ್ತ್ರ.

ನಳಿಗೆಯ ವಿಷಯದಲ್ಲಿ ಜನ ಸುಮ್ಮನೆ ಹೆದರುತ್ತಾರೆ. .22ರ ಮೆತ್ತನೆಯ ಸೀಸ ಉಕ್ಕನ್ನು ಸವೆಸೋದು ಅಷ್ಟು ಸುಲಭವಲ್ಲ. ನಳಿಗೆ ಹಾಳಾಗೋದು ಹೊಡೆದದ್ದರಿಂದಲ್ಲ, ಒರೆಸಿದ್ದರಿಂದ. ತುದಿಯ ಕಡೆಯಿಂದ ಕಡ್ಡಿ ತೂರಿಸಿ ತೂರಿಸಿ ಬಾಯಿಯ ಅಂಚು ಸವೆದಿರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಆ ಅಂಚಿನ ಸುತ್ತ ಆಡಿಸಿ, ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರಿದೆ. ಸಾಧ್ಯವಾದರೆ ಮರದ ಹಿಡಿ ಬಿಚ್ಚಿಸಿ ನೋಡಿ, ಬೆವರು ಇಳಿದು ತುಕ್ಕು ಕೂರುವ ಜಾಗ ಅದು.

ಇನ್ನೊಂದು ಗುಟ್ಟು. ಸಂಗ್ರಹಕಾರರು ಹೊಸದಾಗಿ ಬ್ಲೂಯಿಂಗ್ ಮಾಡಿಸಿದ್ದನ್ನು ಮುಟ್ಟೋದಿಲ್ಲ. ಅಕ್ಷರಗಳು ಮಸುಕಾಗಿದ್ದರೆ, ಚೂಪಾಗಿರಬೇಕಾದ ಅಂಚು ದುಂಡಾಗಿದ್ದರೆ, ಸ್ಕ್ರೂ ತೂತಿನ ಸುತ್ತ ತಗ್ಗಿದ್ದರೆ ಪಾಲಿಶ್ ಚಕ್ರಕ್ಕೆ ಹಿಡಿದಿದ್ದಾರೆ ಅಂತ ಅರ್ಥ. ಬೆಲೆ ಗಣನೀಯವಾಗಿ ಇಳಿದಿರುತ್ತದೆ, ಗುರಿ ಮಾತ್ರ ಹಾಗೇ ಇರುತ್ತದೆ. ಹೊಡೆಯೋಕೆ ಕೊಳ್ಳುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೇ ವ್ಯಾಪಾರವಿಲ್ಲ. ಐದು ಸ್ಕ್ರೂ, ನಾಲ್ಕು ಸ್ಕ್ರೂ, ಮೂಲ ಡಬ್ಬ ಇದೆಯೋ ಇಲ್ಲವೋ ಅನ್ನೋ ಚರ್ಚೆಯನ್ನೆಲ್ಲ ಅವರಿಗೇ ಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ ಹೊಸದು ಗೆಲ್ಲುವ ಒಂದು ಜಾಗ ಇದೆ, ಅದು ನಿಮ್ಮ ಕಣ್ಣು. ವಯಸ್ಸು ಬರೆದಿಲ್ಲ ನೀವು. ನಲವತ್ತೈದು ದಾಟಿದ್ದರೆ, ಓದೋಕೆ ಕನ್ನಡಕ ಬಂದಿದ್ದರೆ, ಕೆ-22ರ ನಳಿಗೆ ತುದಿಯ ಕಪ್ಪು ಮುಂಗುರಿ, ಹಿಂದಿರುವ ಕಪ್ಪು ಹಿಂಗುರಿಯ ಕಚ್ಚಿನ ನಡುವೆ ಕರಗಿಹೋಗುತ್ತದೆ. ನನಗೆ ಆಗಿರೋದು ಅದೇ. 617ರಲ್ಲಿ ಹಿಂಗುರಿ ಬಿಚ್ಚಿದರೆ ಕೆಳಗೆ ಸ್ಕ್ರೂ ಕೂರುವ ತೂತುಗಳನ್ನೆಲ್ಲ ಕಂಪನಿಯೇ ಮಾಡಿಟ್ಟಿದೆ, ಒಂದು ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಗುರಿಗಾಜು) ಕೂರಿಸಿಕೊಂಡರೆ ಆಯಿತು. 1950ರ ಕೆ-22ಕ್ಕೆ ಡ್ರಿಲ್ ಹಾಕೋದು ಪಾಪದ ಕೆಲಸ, ಬೆಲೆಯೂ ಹೋಯಿತು. ಜೊತೆಗೆ ಈಗಿನ 617 ಹತ್ತು ತೋಟೆಯದು, ಐವತ್ತರ ಡಬ್ಬಿ ಐದೇ ಸುತ್ತಿಗೆ ಮುಗಿಯುತ್ತದೆ. ನಳಿಗೆಯ ಕೆಳಗೆ ತುದಿವರೆಗೂ ಉಕ್ಕು ಇರೋದರಿಂದ ಮೂಗು ಭಾರ. ಎರಡು ಕೈಯಲ್ಲಿ ಹಿಡಿದರೆ ಅದು ವರ, ಒಂದು ಕೈಯಲ್ಲಿ ಹಿಡಿದರೆ ಮೂವತ್ತನೇ ಈಡಿಗೆ ಮಣಿಕಟ್ಟು ಮಾತಾಡುತ್ತದೆ. ಹ್ಯಾಮರ್ ಎಳೆಯದೆ ಬರೀ ಟ್ರಿಗರಿನಲ್ಲೇ ಹೊಡೆಯುವ ಅಭ್ಯಾಸ ಮಾಡ್ತೀರಿ ಅಂದರೆ ಎರಡೂ ಸ್ವಲ್ಪ ಬಿಗಿ ಅನಿಸುತ್ತವೆ. ಅಂಚಿನ ಮದ್ದು ಸಿಡಿಯಲು ಜೋರಾದ ಪೆಟ್ಟೇ ಬೇಕು. ಯೂಟ್ಯೂಬ್ ನೋಡಿ ಸ್ಪ್ರಿಂಗ್ ಸಡಿಲ ಮಾಡಬೇಡಿ, ಹತ್ತರಲ್ಲಿ ಎರಡು ಠುಸ್ ಅನ್ನುತ್ತವೆ.

ಕೋಲ್ಟ್ ಕಂಪನಿಯ ರಿವಾಲ್ವರ್ ಬಗ್ಗೆಯೂ ಕೇಳಿದ್ದೀರಿ. ಆಫೀಸರ್ಸ್ ಮಾಡೆಲ್ ಮ್ಯಾಚ್ ಕೈಗೆ ಬಂದರೆ ಬಿಡೋ ಮನಸ್ಸಾಗೋದಿಲ್ಲ, ನಿಜ. ಆದರೆ ಟೈಮಿಂಗ್ (ಸಿಲಿಂಡರ್ ಸರಿಯಾದ ಹೊತ್ತಿಗೆ ಕಚ್ಚಿನಲ್ಲಿ ಕೂರೋದು) ತಪ್ಪಿದರೆ ಆ ಹಳೇ ಯಂತ್ರವನ್ನು ಬಲ್ಲ ಕೈಗಳು ಕಡಿಮೆ, ಬೆಲೆಯನ್ನು ಸಂಗ್ರಹಕಾರರು ಅಟ್ಟಕ್ಕೇರಿಸಿದ್ದಾರೆ. ಮೊದಲನೆಯದಾಗಿ ಬೇಡ. ದುಡ್ಡು ಉಳಿಸಬೇಕಾದರೆ ರೂಗರ್ ಸಿಂಗಲ್ ಸಿಕ್ಸ್ ಗಟ್ಟಿ ಸಾಮಾನು, ಆದರೆ ಒಂದೊಂದೇ ತೋಟೆ ತುಂಬಿ ಒಂದೊಂದೇ ಕರಟ ತಳ್ಳಬೇಕು. 1973ಕ್ಕೂ ಹಿಂದಿನದು ಸಿಕ್ಕರೆ, ಕಂಪನಿಯ ಸುರಕ್ಷತೆಯ ಬದಲಾವಣೆ ಮಾಡಿಸದೇ ಇದ್ದರೆ ಹ್ಯಾಮರ್ ಕೆಳಗಿನ ಚೇಂಬರ್ ಖಾಲಿ ಬಿಡಲೇಬೇಕು.

ಕಾನೂನಿನ ವಿಷಯ ನಿಮಗಿಂತ ಇದನ್ನು ಓದುವ ಬೇರೆಯವರಿಗೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿ ಬಂದವರಿಗೆ ಫೆಡರಲ್ ಕಾನೂನಿನಲ್ಲಿ ಕೋವಿಯೂ ತೋಟೆಯೂ ಸಾಮಾನ್ಯವಾಗಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ, ಗೆಳೆಯರ ಮಾತು ಕೇಳಿ ಮುಂದುವರಿಯಬೇಡಿ, ವಕೀಲರನ್ನು ಕೇಳಿ. ಬೇರೆ ರಾಜ್ಯದವರಿಂದ ಹರಾಜಿನಲ್ಲಿ ಕೊಂಡದ್ದು ಸೀದಾ ಮನೆಗೆ ಬರೋದಿಲ್ಲ, ನಿಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಹತ್ತಿರ ಬರುತ್ತದೆ, ಅಲ್ಲಿ ಕೋವಿ ಕೊಳ್ಳುವವರು ತುಂಬುವ ಫೆಡರಲ್ ಫಾರಂ 4473 ತುಂಬಬೇಕು.

ನಿಮಗೆ ದಾರಿ ಇರೋದೂ ಅಲ್ಲೇ. ಹರಾಜಿನ ಹಲವು ಮಾರಾಟಗಾರರು ಮೂರು ದಿನದ ಪರೀಕ್ಷೆಗೆ ಒಪ್ಪುತ್ತಾರೆ. ಆದರೆ ಡೀಲರ್ ಹತ್ತಿರ ಫಾರಂ ತುಂಬಿ ನಿಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆ ವಾಪಸ್ ಅನ್ನೋ ಮಾತು ಸಾಮಾನ್ಯವಾಗಿ ಮುಗಿಯಿತು. ಹಾಗಾಗಿ ಇವತ್ತೇ ಆ ಕೆ-22 ಮಾರುವವರಿಗೆ ಎರಡು ಸಾಲು ಬರೆಯಿರಿ: ಚೇಂಬರಿನ ಬಾಯಿಗಳ ಹತ್ತಿರದ ಫೋಟೋ ಬೇಕು, ನನ್ನ ಡೀಲರ್ ಅಂಗಡಿಯಲ್ಲೇ ಫಾರಂ ತುಂಬುವ ಮೊದಲು ನೋಡಿ ಬೇಡ ಅನ್ನುವ ಹಕ್ಕು ಬೇಕು. ಒಪ್ಪಿದರೆ ಆರು ಡ್ರೈವಾಲ್ ಆ್ಯಂಕರ್ ಜೇಬಿಗೆ ಹಾಕಿಕೊಂಡು ಹೋಗಿ. ಉತ್ತರ ಬಾರದಿದ್ದರೆ, ಇಲ್ಲಾ "ಫೋಟೋದಲ್ಲಿ ಕಾಣೋ ಹಾಗೆ ಇದೆ" ಅಂತ ಒಂದೇ ಸಾಲು ಬಂದರೆ, ಶನಿವಾರ ಬೆಳಗ್ಗೆ ಹೋಗಿ 617 ತನ್ನಿ.